ಲಿಗೋರಿಯ ರೋಸೂ ಸಾಹೇಬರ ಕೆಮ್ಮೂ

ಮೂಡುಬೆಳ್ಳೆಯ ಲಿಗೋರಿ ಕ್ವಾಡ್ರಸ್ ಮಸ್ಕತ್ತಿನಲ್ಲಿ ಹದಿನೇಳು ವರ್ಷ ದುಡಿದ. ಆ ಹದಿನೇಳು ವರ್ಷಗಳಲ್ಲಿ ಅವನು ಮಾಡಿದ ಒಂದೇ ಒಂದು ಕಳ್ಳತನವೆಂದರೆ ಕಚೇರಿಯ ಫೋನಿನಿಂದ ಊರಿಗೆ ಹಚ್ಚಿದ ಒಂದು ಕರೆ. ಆ ಕರೆಯಿಂದಾಗಿ ಒಂದು ದೇಶದ ಗುಪ್ತಚರ ಇಲಾಖೆ ನಿದ್ದೆಯಿಂದ ಎದ್ದು ಕೂತಿತು. ಕೆಲವರ ಹಣೆಬರಹವೇ ಹಾಗೆ. ಊರು ಕೊಳ್ಳೆ ಹೊಡೆದವರು ಗೊರಕೆ ಹೊಡೆಯುತ್ತಾರೆ, ಪಕ್ಕದ ಹಿತ್ತಲಿನ ಒಂದು ಮಾವಿನಕಾಯಿ ಕಿತ್ತವನು ಸಿಕ್ಕಿಬೀಳುತ್ತಾನೆ.

ಯಾವ ದೇಶ ಎಂದು ಕೇಳಬೇಡಿ. ಅಲ್ಲಿ ಚಳಿ ಹೆಚ್ಚು, ಜನ ಕಡಿಮೆ, ಚೀಸು ಧಾರಾಳ. ಅದರ ರಾಯಭಾರ ಕಚೇರಿ ಮಸ್ಕತ್ತಿನ ಕಡಲ ಬದಿಯ ಒಂದು ಬಿಳಿ ಬಂಗಲೆಯಲ್ಲಿತ್ತು. ಲಿಗೋರಿ ಒಮಾನಿಗೆ ಬಂದದ್ದು ಎಂಬತ್ತೊಂದರಲ್ಲಿ. ಮೊದಲು ಎರಡು ವರ್ಷ ಇಬ್ರಾ ಪೇಟೆಯ ಒಂದು ಪಾತ್ರೆ ಅಂಗಡಿಯಲ್ಲಿ ಕಫೀಲನ, ಎಂದರೆ ವೀಸಾ ಕೊಟ್ಟ ಅರಬಿ ಧಣಿಯ, ಕೈಕೆಳಗೆ ಲೋಟ ಎಣಿಸಿ, ಆಮೇಲೆ ಈ ಕಚೇರಿಯಲ್ಲಿ ಕಾಗದ ಮುಟ್ಟಿಸುವ ಕೆಲಸ ಹಿಡಿದ. ಯಾವ ಸಚಿವಾಲಯಕ್ಕೆ ಯಾವ ಲಕೋಟೆ, ಯಾವ ಬಾಗಿಲಲ್ಲಿ ಎಷ್ಟು ಸಲಾಂ, ಎಲ್ಲ ಅವನಿಗೆ ಕರತಲಾಮಲಕ. ಒಂದು ಲಕೋಟೆ ತಪ್ಪಿದ್ದಿಲ್ಲ, ಒಂದನ್ನೂ ತೆರೆದು ನೋಡಿದ್ದಿಲ್ಲ. ಇಷ್ಟು ಒಳ್ಳೆಯವನಾಗಿರುವುದೂ ಒಂದು ರೋಗವೇ ಎಂದು ನನಗೆ ಅನ್ನಿಸುತ್ತದೆ.

ಆ ಕಚೇರಿಯಲ್ಲಿ ಭದ್ರತೆಗೆಂದೇ ಒಬ್ಬ ಸಾಹೇಬರಿದ್ದರು. ರಾಯಭಾರಿಗಳಿಗೆ ಎಲ್ಲಿಂದ ಅಪಾಯ ಬರಬಹುದು ಎಂದು ಮೂಸಿ ನೋಡಿ ತಮ್ಮ ದೇಶದ ಗುಪ್ತಚರ ಇಲಾಖೆಗೆ ಬರೆಯುವುದು ಅವರ ಕೆಲಸ. ಗುಟ್ಟಿನ ಮಾತು ಹೇಳುವ ಮೊದಲು, ಗುಟ್ಟು ಕೇಳುವಾಗ, ಗುಟ್ಟು ನೆನಪಾದಾಗಲೆಲ್ಲ ಅವರಿಗೆ ಕೆಮ್ಮು ಬರುತ್ತಿತ್ತು. "ಖೆಂ, ಖೆಂ." ಎರಡೇ ಸಲ. ಹೀಗಾಗಿ ಗುಟ್ಟು ಬರುತ್ತಿದೆ ಎಂದು ಇಡೀ ಕಚೇರಿಗೆ ಮೊದಲೇ ತಿಳಿಯುತ್ತಿತ್ತು. ನಮ್ಮವರು ಅವರಿಗೆ ಇಟ್ಟ ಹೆಸರು ಕೆಮ್ಮಿನ ಸಾಹೇಬರು.

ಪಾಪ, ಮಸ್ಕತ್ತಿನಲ್ಲಿ ಅಪಾಯವಾದರೂ ಎಲ್ಲಿಂದ ಬರಬೇಕು? ಎರಡು ವರ್ಷ ಅವರು ಬರೆದದ್ದೆಲ್ಲ ಹಿಂದಿನ ಗೋಡೆ ಹಾರಿ ಬಂದು ಹೂಗಿಡ ತಿನ್ನುತ್ತಿದ್ದ ಆಡುಗಳ ಬಗ್ಗೆ. ಅಷ್ಟರಲ್ಲಿ, ಎಂಬತ್ತೆಂಟರಲ್ಲಿ, ಅವರ ದೇಶದ ಪಾರ್ಲಿಮೆಂಟು ಹೊಸ ಕಾಯ್ದೆ ಮಾಡಿತು. ರಾಯಭಾರ ಕಚೇರಿಗಳ ರಕ್ಷಣೆಗೆಂದು ಗುಪ್ತಚರರು ಏನೇನು ಮಾಡುತ್ತಿದ್ದಾರೆ, ಅದು ಕಾನೂನಿಗೆ ಸರಿಯೇ ಎಂದು ವರ್ಷಕ್ಕೊಮ್ಮೆ ವಕೀಲರೊಬ್ಬರು ಬಂದು ನೋಡಬೇಕು. ಮಸ್ಕತ್ತಿಗೂ ಬರುತ್ತಾರೆ ಎಂದು ಕಾಗದ ಬಂತು. ಬರುವವರಿಗೆ ತೋರಿಸಲು ಸಾಹೇಬರ ಹತ್ತಿರ ಆಡು ಬಿಟ್ಟರೆ ಬೇರೇನೂ ಇರಲಿಲ್ಲ. ಮರ್ಯಾದೆ ಉಳಿಯಬೇಕಲ್ಲ? ನೌಕರರ ಫೋನಿಗೆ ಗುಟ್ಟಾಗಿ ಒಂದು ಟೇಪ್ ರೆಕಾರ್ಡರ್ ಜೋಡಿಸಿ, ತಾವೂ ಇನ್ನೊಂದು ರಿಸೀವರ್ ಹಿಡಿದು ಕೂತರು. ಕಾನೂನು ನೋಡಲು ಬರುವವರಿಗೆ ತೋರಿಸಲೆಂದೇ ಕಾನೂನು ಮುರಿದ ಮಹಾನುಭಾವರು ಅವರು.

ಅದೇ ವಾರ ಲಿಗೋರಿ ತನ್ನ ಜೀವಮಾನದ ಏಕೈಕ ಕಳ್ಳತನ ಮಾಡಿದ.

ಅವನ ತಂಗಿ ಗ್ರೆಟ್ಟಾ ಇಬ್ರಾದಲ್ಲಿ ನರ್ಸ್. ಅವಳಿಗೆ ನಿಶ್ಚಯವಾದ ಹುಡುಗ ಸಿರಿಲ್ ರುಸೈಲಿನ ಬಿಸ್ಕೆಟ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಇಬ್ಬರಿಗೂ ಒಟ್ಟಿಗೆ ಊರಿಗೆ ಹೋಗಲು ರಜೆ ಸಿಗಲಿಲ್ಲ. ಹಾಗಾಗಿ ಶುಕ್ರವಾರ ಮಸ್ಕತ್ತಿನ ರೂವಿಯ ಇಗರ್ಜಿಯಲ್ಲಿ ಮದುವೆ, ಹಿಂದಿನ ದಿನ ಗುರುವಾರ ಲಿಗೋರಿಯ ಫ್ಲ್ಯಾಟಿನಲ್ಲಿ ರೋಸ್ ಎಂದು ಗೊತ್ತಾಯಿತು. ರೋಸ್ ಎಂದರೆ ನಮ್ಮ ಮಂಗಳೂರು ಕಡೆಯ ಕ್ರೈಸ್ತರಲ್ಲಿ ಮದುವೆಯ ಮುನ್ನಾದಿನ ಮದುಮಗಳನ್ನೋ ಮದುಮಗನನ್ನೋ ಮಣೆಯ ಮೇಲೆ ಕೂರಿಸಿ, ಬಂದವರೆಲ್ಲ ಎಣ್ಣೆ ಹಚ್ಚಿ ತಲೆಗೆ ತೆಂಗಿನ ಹಾಲು ಸುರಿಯುವ ಶಾಸ್ತ್ರ. ಹಿರಿಯ ಹೆಂಗಸರು ವೊವಿಯೊ ಎಂಬ ಸೋಭಾನೆ ಹೇಳಬೇಕು. ಹಾಡಿಲ್ಲದ ರೋಸ್ ಬರೀ ಸ್ನಾನ.

ಆ ಹಾಡು ಮಸ್ಕತ್ತಿನಲ್ಲಿ ಯಾರಿಗೂ ಪೂರ್ತಿ ಬರುತ್ತಿರಲಿಲ್ಲ. ಪೂರ್ತಿ ಬರುತ್ತಿದ್ದುದು ಮೂಡುಬೆಳ್ಳೆಯ ಆಲ್ಬಿನಾ ಮೌಶಿಗೆ, ಎಂದರೆ ಲಿಗೋರಿಯ ತಾಯಿಯ ತಂಗಿಗೆ. ತಾಯಿ ತೀರಿಕೊಂಡಾಗ ಗ್ರೆಟ್ಟಾ ಮೂರು ವರ್ಷದ ಮಗು. ಅಂದಿನಿಂದ ಲಿಗೋರಿ, ತಮ್ಮ ಮೈಕಲ್, ಗ್ರೆಟ್ಟಾ ಮೂವರನ್ನೂ ಸಾಕಿದ್ದು ಈ ಮೌಶಿ. ಅವಳಿಗೆ ಪಾಸ್‌ಪೋರ್ಟ್ ಇಲ್ಲ, ಮಾಡಿಸೋಣ ಎಂದರೆ ವಿಮಾನದಲ್ಲಿ ವೀಳ್ಯ ಉಗಿಯಲು ಕಿಟಕಿ ತೆರೆಯುತ್ತಾರೆಯೇ ಎಂದು ಕೇಳಿ, ಇಲ್ಲ ಎಂದಾಗ ಆ ವಿಷಯವನ್ನೇ ಬಿಟ್ಟವಳು. "ನಾನು ಬರದಿದ್ದರೂ ನನ್ನ ಹಾಡು ಬರಬೇಕು" ಎಂದು ಕಾಗದ ಬರೆಸಿದ್ದಳು. ಲಿಗೋರಿ ಊಟದ ಬಿಡುವಿನಲ್ಲಿ ಊರಿನ ಅಂಗಡಿಯ ಫೋನಿಗೆ ಕರೆ ಮಾಡಿ, ಮೌಶಿಯನ್ನು ಕರೆಸಿ, ಅವಳು ಹಾಡಿದ್ದನ್ನು ಒಂದು ಲಕೋಟೆಯ ಹಿಂಬದಿಯಲ್ಲಿ ಬರೆದುಕೊಂಡ. ಸಾಕಿದ ಮಗಳ ಮದುವೆ ಎಂದು ಮೌಶಿ ದನಿ ಎತ್ತಿ, ಎಳೆದು ಎಳೆದು, ಹದಿಮೂರು ನಿಮಿಷ ಹಾಡಿದಳು.

ಮಾತೆಲ್ಲ ಕೊಂಕಣಿಯಲ್ಲಿ. ಕೆಮ್ಮಿನ ಸಾಹೇಬರಿಗೆ ಕೊಂಕಣಿ ಬಾರದು. ಆದರೆ ಹಿಂದೆ ದೆಹಲಿಯಲ್ಲಿದ್ದಾಗ ತರಕಾರಿ ಕೊಳ್ಳುವಷ್ಟು ಹಿಂದಿ ಕಲಿತಿದ್ದರು. ಅರೆಬೆಂದ ವಿದ್ಯೆ ಹೊಟ್ಟೆಗೆ ಕೇಡು. ಸಂಜೆ ಏಳಕ್ಕೆ ಎಂದು ಲಿಗೋರಿ ಹೇಳಿದ್ದು 'ಸಾತ್', ನಲವತ್ತು ಜನ ಎಂದದ್ದು 'ಚಾಳೀಸ್', ಎಣ್ಣೆ ಎಂದದ್ದು 'ತೇಲ್'. ಕೊಂಕಣಿಗೂ ಹಿಂದಿಗೂ ಇವೆಲ್ಲ ಒಂದೇ. ಮೌಶಿ ಅಲ್ಲಿ ತೆಂಗಿನಕಾಯಿ ದುಬಾರಿಯೇ ಎಂದು ಕೇಳಿದಳು. ದುಬಾರಿಗೆ ಕೊಂಕಣಿಯಲ್ಲಿ 'ಮ್ಹಾರಗ್'. ಸಾಹೇಬರು ಅದರಲ್ಲಿ ಹಿಂದಿಯ 'ಮಾರ್', ಎಂದರೆ ಕೊಲ್ಲು ಎಂಬುದನ್ನು ಕೇಳಿಸಿಕೊಂಡರು. ಕೊನೆಗೆ ಲಿಗೋರಿ ಗಲ್ಫಿನ ಅಭ್ಯಾಸದಂತೆ 'ಥರ್ಸ್‌ಡೇ, ಖಲಾಸ್' ಎಂದು ಮುಗಿಸಿದ. ಈ ಎಲ್ಲದರ ನಡುವೆ ಇಪ್ಪತ್ತು ಸಲ 'ರೋಸ್, ರೋಸ್'.

ರಾಯಭಾರಿಯ ಹೆಂಡತಿಯ ಹೆಸರು ರೋಸಲಿಂಡ್. ಮನೆಯವರು, ಸ್ನೇಹಿತರು, ಇಡೀ ಮಸ್ಕತ್ತಿನ ರಾಯಭಾರಿಗಳ ಬಳಗ ಅವರನ್ನು ಕರೆಯುತ್ತಿದ್ದುದು ರೋಸ್ ಎಂದು.

ಸಾಹೇಬರು ಅಂದು ಊಟ ಮಾಡಲಿಲ್ಲ. ಗುರುವಾರ ಸಂಜೆ ಏಳಕ್ಕೆ ನಲವತ್ತು ಜನ ಸೇರಿ ಎಣ್ಣೆ ಹಾಕಿ ರಾಯಭಾರಿಯ ಹೆಂಡತಿಯನ್ನು ಮುಗಿಸುತ್ತಾರೆ! ಏಳು ಪದ ಹಿಡಿದುಕೊಂಡು ಒಂಬತ್ತು ಪುಟದ ವರದಿ ಬರೆದರು. ಆಡಿನ ಕಾಲ ಮುಗಿದಿತ್ತು. ಮಂಗಳವಾರ ಲಿಗೋರಿಯನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. ಇಂಗ್ಲಿಷಿನಲ್ಲಿ ನಡೆದ ಮಾತನ್ನು ನಮ್ಮ ಅನುಕೂಲಕ್ಕೆ ಕನ್ನಡದಲ್ಲಿ ಹೇಳುತ್ತೇನೆ.

"ಖೆಂ, ಖೆಂ. ಫೋನಿನಲ್ಲಿ ನೀನು ಆಡಿದ್ದು ನಮಗೆ ಗೊತ್ತಾಗಿದೆ. ರೋಸ್ ವಿಷಯ."

ಲಿಗೋರಿಯ ತಲೆಯಲ್ಲಿದ್ದುದು ಒಂದೇ: ಕಚೇರಿಯ ಫೋನು, ಹದಿಮೂರು ನಿಮಿಷ, ಅದೂ ಇಂಡಿಯಾಕ್ಕೆ.

"ತಪ್ಪಾಯಿತು ಸರ್."

"ಒಪ್ಪಿಕೊಳ್ಳುತ್ತೀಯಾ?"

"ಒಪ್ಪದೆ ಏನು ಮಾಡಲಿ ಸರ್? ಆದರೆ ರೋಸ್‌ಗೆ ಬೇರೆ ದಾರಿ ಇರಲಿಲ್ಲ."

"ನೀವು ನಲವತ್ತು ಜನ?"

"ಇಬ್ರಾದಿಂದ ನರ್ಸುಗಳು ಬಂದರೆ ಐವತ್ತಾಗಬಹುದು ಸರ್."

"ನರ್ಸುಗಳೂ ಇದ್ದಾರೆ!" ಸಾಹೇಬರು ಬರೆದುಕೊಂಡರು. "ಮೊದಲು ಕೈ ಹಾಕುವವರು ಯಾರು?"

"ನಾನೇ ಸರ್. ತಂದೆ ತಾಯಿ ಇಲ್ಲವಲ್ಲ, ಮೊದಲ ಕೈ ನನ್ನದೇ. ಮೊದಲು ಹಣೆಗೆ ಎಣ್ಣೆ, ಆಮೇಲೆ ತಲೆಯ ಮೇಲೆ ಸುರಿಯುವುದು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ."

"ಅವಳು ಕೂಗಿಕೊಂಡರೆ?"

"ಕೂಗಿಕೊಳ್ಳುತ್ತಾಳೆ ಸರ್, ಯಾರಾದರೂ ಕೂಗುತ್ತಾರೆ. ಕಣ್ಣು ಉರಿಯುತ್ತದಲ್ಲ. ಆದರೆ ಒಳಗೊಳಗೆ ಅವಳಿಗೂ ಖುಷಿಯೇ." ಸಾಹೇಬರ ಮುಖ ಬಿಳಿಚಿದ್ದು ನೋಡಿ, ಕರೆಯಲಿಲ್ಲವೆಂದು ಬೇಸರವಿರಬೇಕು ಎಂದುಕೊಂಡ ಲಿಗೋರಿ ಮರ್ಯಾದೆಗೆ ಸೇರಿಸಿದ: "ನೀವೂ ಬನ್ನಿ ಸರ್. ಊಟ ಇದೆ."

ಸಾಹೇಬರು ಅವನ ಗೇಟ್ ಪಾಸು ಕಿತ್ತುಕೊಂಡರು. ಅವನ ಜೇಬಿನಲ್ಲಿದ್ದ, ಹಾಡು ಬರೆದ ಲಕೋಟೆಯನ್ನೂ ಕಸಿದು ಗುಪ್ತ ಲಿಪಿ ಎಂದು ಅಂದೇ ರಾಜಧಾನಿಗೆ ಕಳಿಸಿದರು; ಅದನ್ನು ಅಲ್ಲಿ ಯಾರೋ ಇವತ್ತಿಗೂ ಬಿಡಿಸುತ್ತಾ ಕೂತಿದ್ದರೆ ಆಶ್ಚರ್ಯವಿಲ್ಲ. ಲಿಗೋರಿಯ ವೀಸಾ ರದ್ದು ಮಾಡಿಸಲು ಕಾಗದ ತಯಾರಾಯಿತು. ಗುರುವಾರ ಸಂಜೆಯ ಬೊಂಬಾಯಿ ವಿಮಾನಕ್ಕೆ ಟಿಕೆಟ್ಟೂ ಆಯಿತು.

ಲಿಗೋರಿ ಚಹಾ ಮಾಡುವ ಕೋಣೆಗೆ ಹೋಗಿ ಸಕ್ಕರೆ ಡಬ್ಬಿಯ ಪಕ್ಕ ಕೂತ. ವೀಸಾ ವಿಭಾಗದ ಗುಮಾಸ್ತ, ಮೂಲ್ಕಿಯ ಕೊರಗಪ್ಪ, ಬಂದು ನೋಡಿ ಗಾಬರಿಯಾದ.

"ಎಂತ ಮಾರಾಯ, ಮುಖ ಯಾಕೆ ಹೀಗೆ ಮಾಡಿದ್ದಿ?"

"ಗುರುವಾರ ಸಂಜೆ ನನ್ನನ್ನು ಊರಿಗೆ ಕಳಿಸ್ತಾರಂತೆ, ಕೊರಗಪ್ಪಣ್ಣ. ಫೋನ್ ಮಾಡಿದ್ದಕ್ಕೆ."

"ಒಂದು ಫೋನಿಗೆ ಗಡಿಪಾರಾ? ಗುರುವಾರ ಗ್ರೆಟ್ಟಾಳ ರೋಸ್ ಅಲ್ವಾ?"

"ಅದೇ ಅಲ್ವಾ ಹೇಳೋದು. ಕೆಲಸ ಹೋದ್ರೆ ಹೋಗ್ಲಿ. ಆದ್ರೆ ಮೊದಲ ಎಣ್ಣೆ ಹಾಕ್ಲಿಕ್ಕೆ ಅವಳಿಗೆ ಇಲ್ಲಿ ಬೇರೆ ಯಾರುಂಟು? ಮೌಶಿಯ ಹಾಡು ಬರೆದ ಲಕೋಟೆಯೂ ಹೋಯ್ತು. ಹೆದರಿಕೆಗೆ ಒಂದು ಸಾಲೂ ನೆನಪಾಗುದಿಲ್ಲ." ಹೇಳುತ್ತಾ ಹೇಳುತ್ತಾ ಅವನು ಅತ್ತೇಬಿಟ್ಟ. ಮೂವತ್ತಾರು ವರ್ಷದ ಗಂಡಸು, ಸಕ್ಕರೆ ಡಬ್ಬಿ ಅಪ್ಪಿಕೊಂಡು.

ಬುಧವಾರ ಬೆಳಿಗ್ಗೆ ವಕೀಲೆ ಬಂದರು. ಎತ್ತರದ ಆಳು, ಕೈಯಲ್ಲಿ ನೀಲಿ ಹೊದಿಕೆಯ ಕಾಯ್ದೆ ಪುಸ್ತಕ, ಕಿವಿಯ ಹಿಂದೆ ಪೆನ್ಸಿಲ್. ಬಂದ ಅರ್ಧ ಗಂಟೆಯಲ್ಲೇ ಗೇಟಿನ ಕಾವಲುಗಾರ ಅಹ್ಮದ್‌ನಿಂದ ಹಿಡಿದು ರಾಯಭಾರಿಯವರೆಗೆ ಎಲ್ಲರನ್ನೂ ಒಂದೊಂದು ಸಲ ಗದರಿಸಿ ಆಗಿತ್ತು. ಚಹಾ ಹೊತ್ತು ಹೋದ ಕೊರಗಪ್ಪ ಅವರಿಗೆ ಕಾಯ್ದೆಬಾಯಿ ಎಂದು ಹೆಸರಿಟ್ಟು ಮರಳಿದ. ಸಾಹೇಬರು ಮಾತ್ರ ಮದುಮಗನ ಹಾಗೆ ಟೈ ಕಟ್ಟಿಕೊಂಡು ಒಂಬತ್ತು ಪುಟಗಳನ್ನು ಮುಂದಿಟ್ಟರು.

ಕಾಯ್ದೆಬಾಯಿ ಓದಿದರು. ಟೇಪ್ ಹಾಕಿಸಿ ಒಂದೆರಡು ನಿಮಿಷ ಕೇಳಿದರು.

"ಇದು ಯಾವ ಭಾಷೆ?"

"ಹಿಂದಿ," ಎಂದರು ಸಾಹೇಬರು.

"ಅನುವಾದ ಯಾರದು?"

"ಖೆಂ, ಖೆಂ."

ಕಾಯ್ದೆಬಾಯಿ ನೀಲಿ ಪುಸ್ತಕ ತೆರೆದು, ಯಾರ ಮೇಲೆ ಸಂಶಯವೋ ಅವನನ್ನು ಎದುರು ಕೂರಿಸಿಕೊಂಡು, ಅವನ ಭಾಷೆ ಬಲ್ಲವರ ಸಮ್ಮುಖದಲ್ಲೇ ಕೇಳಬೇಕು ಎಂಬ ಕಲಮನ್ನು ಬೆರಳಿಟ್ಟು ತೋರಿಸಿದರು. ಲಿಗೋರಿಯನ್ನು ಕರೆಸಿದರು. ಹಿಂದಿಯಲ್ಲ, ಕೊಂಕಣಿ ಎಂದು ಅವನು ಹೇಳಿದ ಮೇಲೆ ಕೊಂಕಣಿ ಬಲ್ಲವರು ಬೇಕಾದರು. ಕೊರಗಪ್ಪನ ಮನೆಮಾತು ತುಳು. ಆದರೆ ನೌಕರಿಯ ಅರ್ಜಿಯಲ್ಲಿ 'ಬಲ್ಲ ಭಾಷೆಗಳು' ಎಂಬಲ್ಲಿ ಜಾಗ ಉಳಿದಿತ್ತೆಂದು ಕೊಂಕಣಿಯನ್ನೂ ಸೇರಿಸಿದ್ದ. ಕಾಗದದಲ್ಲಿ ಬರೆದದ್ದು ಒಂದಲ್ಲ ಒಂದು ದಿನ ಕೊರಳಿಗೆ ಬರುತ್ತದೆ. ಅವನು ನ್ಯಾಯಾಲಯಕ್ಕೆ ಹೋದವನಂತೆ ಕೈ ಕಟ್ಟಿ ನಿಂತ.

"ರೋಸ್ ಎಂದರೆ ಯಾರು?"

"ಯಾರೂ ಅಲ್ಲ ಮೇಡಂ, ಅದೊಂದು ಶಾಸ್ತ್ರ. ಮದುವೆ ಹುಡುಗಿಗೆ ಎಣ್ಣೆ, ತೆಂಗಿನ ಹಾಲು ಹಚ್ಚುವುದು." ತಿಳಿಯಲಿಲ್ಲವೇನೋ ಎಂದು ಕೊರಗಪ್ಪ ವಿವರಿಸಿದ: "ಹುರಿಯುವ ಮೊದಲು ಬಂಗುಡೆಗೆ ಮಸಾಲೆ ಹಚ್ಚುತ್ತೇವಲ್ಲ, ಹಾಗೆ."

ಕಾಯ್ದೆಬಾಯಿಯ ಪೆನ್ಸಿಲ್ ನಿಂತಿತು. "ಆಮೇಲೆ ಹುರಿಯುತ್ತೀರಾ?"

"ಇಲ್ಲ ಇಲ್ಲ ಮೇಡಂ, ಆಮೇಲೆ ಮದುವೆ! ಹುರಿಯುವುದು ಗಂಡನ ಮನೆಯವರ ಇಷ್ಟ."

ಲಿಗೋರಿ ಬೆವರು ಒರೆಸಿಕೊಂಡ. ಆದರೆ ಮೇಜಿನ ಮೇಲೆ ತೆರೆದಿದ್ದ ವರದಿಯಲ್ಲಿ ರಾಯಭಾರಿಯ ಹೆಂಡತಿಯ ಹೆಸರು ಕಂಡು ಈಗ ಅವನಿಗೆ ಒಂದು ವಿಷಯ ತಲೆಗೆ ಹೋಗಿತ್ತು. ತನ್ನ ಮೇಲಿರುವುದು ಫೋನಿನ ಆಪಾದನೆಯಲ್ಲ, ಕೊಲೆಯದು! ಅದು ತಿಳಿದು ಅವನಿಗೆ ಎಷ್ಟು ಸಮಾಧಾನವಾಯಿತೆಂದರೆ, ಬಾಯಿಬಿಟ್ಟು ನಕ್ಕೇಬಿಟ್ಟ. ಕೊಲೆಯನ್ನು ಅವನು ಮಾಡಿರಲಿಲ್ಲ, ಫೋನನ್ನು ಮಾಡಿದ್ದ.

ಅಷ್ಟರಲ್ಲಿ ಕಾಯ್ದೆಬಾಯಿ ಮತ್ತೆ ಹಾಕಿಸಿದ ಟೇಪಿನಲ್ಲಿ ಮೌಶಿಯ ಹಾಡು ಶುರುವಾಯಿತು. ಎರಡು ಸಾಲು ಹಾಡಿ ಮೂರನೆಯದಕ್ಕೆ ಉಸಿರೆಳೆದುಕೊಳ್ಳುವಾಗ, ಟೇಪಿನೊಳಗಿಂದಲೇ, "ಖೆಂ, ಖೆಂ." ಮತ್ತೆ ಎರಡು ಸಾಲು, ಮತ್ತೆ "ಖೆಂ, ಖೆಂ." ಗುಟ್ಟು ಕೇಳುವಾಗ ಸಾಹೇಬರಿಗೆ ಕೆಮ್ಮು ಬರುತ್ತಿತ್ತೆಂದು ಮೊದಲೇ ಹೇಳಿದೆನಲ್ಲ?

"ಇದು ಯಾರ ಕೆಮ್ಮು?" ಎಂದರು ಕಾಯ್ದೆಬಾಯಿ.

ಸಾಹೇಬರು ತುಟಿ ಬಿಗಿಹಿಡಿದರು, ಕಣ್ಣಲ್ಲಿ ನೀರು ತುಂಬಿತು, ಕಿವಿ ಕೆಂಪಾಯಿತು. ಎಷ್ಟು ಹೊತ್ತು ತಡೆದಾರು? "ಖೆಂ, ಖೆಂ."

"ಕೇಳಿಸಿಕೊಳ್ಳಲು ರಾಜಧಾನಿಯಿಂದ ಲಿಖಿತ ಅನುಮತಿ ಇತ್ತೇ?" ಇರಲಿಲ್ಲ. ಕಾಯ್ದೆಬಾಯಿ ವರದಿಯ ಒಂಬತ್ತೂ ಪುಟಗಳ ಮೇಲೆ ಒಂದೊಂದು ಅಡ್ಡಗೆರೆ ಎಳೆದರು. ಗೇಟ್ ಪಾಸು ವಾಪಸ್, ಟಿಕೆಟ್ಟು ರದ್ದು. ಆಮೇಲೆ ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟು ಲಿಗೋರಿಯತ್ತ ತಿರುಗಿದರು. ಅಕ್ರಮವಾಗಿ ಹಿಡಿದ ದನಿ ಸರ್ಕಾರದ ಬಳಿ ಉಳಿಯಕೂಡದು. ಅದನ್ನು ಅವನ ಎದುರೇ ನಾಶ ಮಾಡಬೇಕು, ಇಲ್ಲವೇ ಅವನಿಗೇ ಒಪ್ಪಿಸಬೇಕು. ಯಾವುದು ಬೇಕೆಂದು ಅವನೇ ಹೇಳಬೇಕು.

ಲಿಗೋರಿ ಅರೆಕ್ಷಣವೂ ಯೋಚಿಸಲಿಲ್ಲ. ತನ್ನ ಕಳ್ಳತನದ ಸಾಕ್ಷಿ ಅದು. "ನಾಶ ಮಾಡಿ ಮೇಡಂ, ಈಗಲೇ."

ಕಾಯ್ದೆಬಾಯಿ ಕತ್ತರಿ ತೆಗೆದರು. ಕೊರಗಪ್ಪ ಅವನ ಸೊಂಟಕ್ಕೆ ಮೊಣಕೈಯಿಂದ ತಿವಿದು ಪಿಸುಗುಟ್ಟಿದ: "ಮಂಡೆ ಸಮ ಉಂಟಾ ನಿಂಗೆ? ಅದ್ರಲ್ಲಿರೋದು ಮೌಶಿಯ ಹಾಡು ಮಾರಾಯ!"

"ಬೇಡ ಮೇಡಂ!" ಲಿಗೋರಿ ಎಷ್ಟು ಜೋರಾಗಿ ಕೂಗಿದನೆಂದರೆ ಗೇಟಿನ ಅಹ್ಮದ್ ಓಡಿ ಬಂದ. "ಕೊಡಿ, ನನಗೇ ಕೊಡಿ." ಆಮೇಲೆ, ಸುಮ್ಮನಿರಲಾರದ ಒಳ್ಳೆಯತನ ಅಲ್ಲೂ ಬಾಯಿ ಹಾಕಿತು. "ಆದರೆ ಮೇಡಂ, ಆ ಫೋನು ನಾನು ಕೇಳದೆ ಮಾಡಿದ್ದು. ಅದು ತಪ್ಪೇ."

ಕಾಯ್ದೆಬಾಯಿ ನೀಲಿ ಪುಸ್ತಕದ ಹಾಳೆಗಳನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದರು. "ಇದರಲ್ಲಿ ಅದಕ್ಕೆ ಕಲಮು ಇಲ್ಲ," ಎಂದರು. ಕ್ಯಾಸೆಟ್ಟು ಸಿಕ್ಕಿದ್ದಕ್ಕೆ ಮೂರು ಪ್ರತಿಯಲ್ಲಿ ಸಹಿ ಹಾಕಿಸಿಕೊಂಡರು.

ಗುರುವಾರ ಸಂಜೆ ಏಳಕ್ಕೆ ಚಾಳೀಸ್ ಅಲ್ಲ, ಅರವತ್ತೆರಡು ಜನ ಸೇರಿದರು. ಬೆದರಿಕೆ ಇಲ್ಲವೆಂದು ಕಣ್ಣಾರೆ ನೋಡದೆ ಬರೆಯಲಾರೆ ಎಂದು ಕಾಯ್ದೆಬಾಯಿ ಬಂದರು. ತಮ್ಮ ಹೆಸರಿನಲ್ಲಿ ಇಷ್ಟೆಲ್ಲ ನಡೆಯಿತೆಂದು ಕೇಳಿ ನಕ್ಕು ನಕ್ಕು ಸುಸ್ತಾಗಿದ್ದ ರೋಸಲಿಂಡ್ ಮೇಡಂ ಕೂಡ ಬಂದರು. ಮಣೆಯ ಮೇಲೆ ಗ್ರೆಟ್ಟಾ ಕೂತಳು. ಲಿಗೋರಿ ಎಣ್ಣೆಯಲ್ಲಿ ಬೆರಳದ್ದಿ ತಂಗಿಯ ಹಣೆಯ ಮೇಲೆ ಶಿಲುಬೆ ಎಳೆದ, ಸಲಾಲಾದ ತೆಂಗಿನಕಾಯಿಯ ಹಾಲನ್ನು ತಲೆಗೆ ಸುರಿದ. ಟೇಪ್ ರೆಕಾರ್ಡರಿನಲ್ಲಿ ಆಲ್ಬಿನಾ ಮೌಶಿ ದನಿ ಎತ್ತಿದಳು. ಗ್ರೆಟ್ಟಾ ಕೂಗಲಿಲ್ಲ, ಆ ದನಿ ಕೇಳಿ ಮುಖ ಮುಚ್ಚಿಕೊಂಡು ಅತ್ತಳು. ಎರಡು ಸಾಲಿಗೊಮ್ಮೆ "ಖೆಂ, ಖೆಂ" ಬಂದಾಗ ಜನ ಎಣ್ಣೆ ಹಚ್ಚುವ ಕೈಯನ್ನು ಒಂದು ಕ್ಷಣ ತಡೆದು, ಮತ್ತೆ ಮುಂದುವರಿದರು. ತಾಳಕ್ಕೆ ಸರಿಯಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ಯಾರೋ ತಮ್ಮ ತಲೆಗೂ ಸುರಿದ ಹಾಲು ಸೋರುತ್ತಿದ್ದಾಗಲೇ ಕಾಯ್ದೆಬಾಯಿ 'ಬೆದರಿಕೆ ಇಲ್ಲ, ಕಣ್ಣು ಮಾತ್ರ ಉರಿಯುತ್ತದೆ' ಎಂದು ಬರೆದುಕೊಂಡರಂತೆ. ಕೆಮ್ಮಿನ ಸಾಹೇಬರಿಗೆ ಮುಂದಿನ ತಿಂಗಳೇ ಬೇರೆ ದೇಶಕ್ಕೆ ವರ್ಗವಾಯಿತು. ಅಲ್ಲಿ ಆಡುಗಳು ಇದ್ದವೋ ಇಲ್ಲವೋ ತಿಳಿಯದು.

ತೊಂಬತ್ತರ ಮಳೆಗಾಲದಲ್ಲಿ ಮೌಶಿ ತೀರಿಕೊಂಡಳು. ಲಿಗೋರಿಗೆ ಸುದ್ದಿ ಮುಟ್ಟುವಾಗ ಮಣ್ಣೂ ಆಗಿತ್ತು. ಅವಳ ಫೋಟೊ ಕೂಡ ಸರಿಯಾದದ್ದೊಂದು ಇರಲಿಲ್ಲ. ಇದ್ದದ್ದು ಆ ಕ್ಯಾಸೆಟ್ಟು ಒಂದೇ. ರೂವಿಯಲ್ಲಿ ಯಾರ ಮನೆಯಲ್ಲಿ ರೋಸ್ ಆದರೂ ಅದನ್ನು ಕೇಳಿಕೊಂಡು ಬರುತ್ತಿದ್ದರು. ರುಸೈಲಿಗೆ ಹೋಯಿತು, ಇಬ್ರಾಕ್ಕೆ ಹೋಯಿತು, ಒಮ್ಮೆ ಬುರೈಮಿಯವರೆಗೂ ಹೋಗಿ ಬಂತು. ಹಾಕಿ ಹಾಕಿ ಕೊನೆಗೆ ತುಂಡಾಯಿತು. ಅಷ್ಟರೊಳಗೆ ಹಾಡು ಎಲ್ಲರ ಬಾಯಿಗೆ ಬಂದಿತ್ತು.

ತೊಂಬತ್ತಾರರಲ್ಲಿ, ಆ ಹೊತ್ತಿಗೆ ಮಸ್ಕತ್ತಿಗೇ ಬಂದು ಸೇರಿದ್ದ ತಮ್ಮ ಮೈಕಲನ ರೋಸ್. ಹೆಂಗಸರು ಮೌಶಿಯ ಹಾಡನ್ನು ಮೌಶಿಯ ರಾಗದಲ್ಲೇ ಎತ್ತಿದರು. ಎರಡು ಸಾಲು ಮುಗಿದದ್ದೇ ತಡ, ಅಜ್ಜಿಯರಿಂದ ಹಿಡಿದು ಮಕ್ಕಳವರೆಗೆ ಎಲ್ಲರೂ ಗಂಭೀರವಾಗಿ, ಪ್ರಾರ್ಥನೆಗೆ 'ಆಮೆನ್' ಹೇಳುವಂತೆ, "ಖೆಂ, ಖೆಂ" ಎಂದು ಕೆಮ್ಮಿದರು. ಎಣ್ಣೆಯ ಬಟ್ಟಲು ಹಿಡಿದು ನಿಂತಿದ್ದ ಲಿಗೋರಿಗೆ ಮಾತ್ರ ಆ ಹೊತ್ತಿಗೆ ಮೌಶಿ ಬಂದು ಪಕ್ಕದಲ್ಲೇ ನಿಂತಂತಾಯಿತು, ಅವನು ಆ ಕಡೆಯೇ ತಿರುಗಿ ನಿಂತಿದ್ದ.

ಗ್ರೆಟ್ಟಾಳ ಏಳು ವರ್ಷದ ಮಗಳು ಅವನ ಅಂಗಿ ಹಿಡಿದೆಳೆದು ಗದರಿದಳು: "ಮಾಮಾ, ಯು ಫರ್ಗಾಟ್ ದ ಕಾಫ್!"

ಲಿಗೋರಿ ಕಣ್ಣೊರೆಸಿಕೊಂಡು ಎರಡು ಸಲ ಕೆಮ್ಮಿದ.